ಭೈರನನ್ನು ಕೂಗುವ ಮಂತ್ರ

ಶಾಖೆಯೊಂದರ ತಪಾಸಣೆಗೆಂದು ಕಳೆದ ಮೇ ತಿಂಗಳಲ್ಲಿ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಉಳಿಯುವ ವ್ಯವಸ್ಥೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತಿದ್ದಾಗ ಎರಡನೇ ಮಹಡಿಯ ಮನೆಯೊಂದರ ಬಾಗಿಲು ತೆರೆದಿತ್ತು. ಒಳಗೆ ಯಾರೋ ಆವಕಾಯ ಉಪ್ಪಿನಕಾಯಿಗೆ ಸಾಸಿವೆ ಪುಡಿ, ಖಾರದ ಪುಡಿ, ಎಳ್ಳೆಣ್ಣೆ ಹಾಕಿ ಕಲಸುತ್ತಿದ್ದರು. ಆ ಘಾಟು ಮೂಗಿಗೆ ಹೊಡೆದಾಗ ನನಗೆ ಸೀನು ಬರಲಿಲ್ಲ, ವಿಜಯವಾಡ ಬಂತು. ಸೂಟ್‌ಕೇಸನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತುಬಿಟ್ಟೆ. ಆ ಮನೆಯ ಹೆಂಗಸು ಇಣುಕಿ ನೋಡಿ, "ಏಮಂಡಿ, ಎವರು ಕಾವಾಲಿ?" ಎಂದು ಕೇಳಿದರು. ಯಾರು ಬೇಕು ಎಂದರೆ ಏನು ಹೇಳಲಿ? ನನಗೆ ಬೇಕಾಗಿದ್ದವರು ನಾಲ್ಕು ಜನ, ಅವರಲ್ಲಿ ಒಬ್ಬರೂ ಆ ಮನೆಯಲ್ಲಿರಲಿಲ್ಲ.

ನಾನು ಧಾರವಾಡದವಳು. ಕೆಲವು ವರ್ಷಗಳ ಹಿಂದೆ ಬ್ಯಾಂಕಿನವರು ಬಡ್ತಿ ಕೊಟ್ಟ ಕೈಯಲ್ಲೇ ವಿಜಯವಾಡಕ್ಕೆ ವರ್ಗವನ್ನೂ ಕೊಟ್ಟರು. ಗಂಡನಿಗೆ ಊರಲ್ಲೇ ಕಾಲೇಜಿನ ಕೆಲಸ, ಮಗಳಿಗೆ ಹತ್ತನೇ ತರಗತಿ. ಹಾಗಾಗಿ ನಲವತ್ಮೂರನೇ ವಯಸ್ಸಿನಲ್ಲಿ ಒಬ್ಬಳೇ ಗನ್ನವರಂನಲ್ಲಿ ವಿಮಾನ ಇಳಿದೆ. ಮೇ ತಿಂಗಳ ಅಲ್ಲಿಯ ಬಿಸಿಲನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಪಟಮಟದಲ್ಲಿ ಸರೋಜಮ್ಮ ಎಂಬುವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಸರೋಜಮ್ಮ ಬಳ್ಳಾರಿ ಕಡೆಯವರು, ಮದುವೆಯಾಗಿ ಬಂದು ಅಲ್ಲೇ ಬೇರೂರಿಬಿಟ್ಟಿದ್ದರು. ಮಗ ಚೈತನ್ಯ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಹುಟ್ಟಿ ಬೆಳೆದದ್ದೆಲ್ಲ ವಿಜಯವಾಡದಲ್ಲೇ ಆದ್ದರಿಂದ ಅವನ ಕನ್ನಡ ಅರ್ಧ ದಾರಿಯಲ್ಲಿ ತೆಲುಗಿಗೆ ಹೊರಳುತ್ತಿತ್ತು.

ಮೊದಲನೇ ಭಾನುವಾರ ಸರೋಜಮ್ಮ ಊಟಕ್ಕೆ ಕರೆದರು. ಕೆಳಗೆ ಹೋದರೆ ನಡುಮನೆಯಲ್ಲಿ ಜಗಳ ನಡೆದಿತ್ತು. ಉಪ್ಪಿನಕಾಯಿ ಜಾಡಿಗಳನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಒಂದು ದೊಡ್ಡ ನಕ್ಷೆ ಹಾಸಿ, ಚದುರಂಗದ ಕಾಯಿಗಳನ್ನು ಅಲ್ಲಲ್ಲಿ ನಿಲ್ಲಿಸಿ ಮೂವರು ಕೂತಿದ್ದರು. ಒಬ್ಬರು ಕಥೆ ಕಟ್ಟುತ್ತ ಹೋಗುವುದು, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಉರುಳಿಸಿ ಮುಂದೇನಾಗುತ್ತದೆಂದು ತೀರ್ಮಾನಿಸುವುದು, ಇದು ಆಟ. ಕಥೆ ಹೇಳುತ್ತ ಆಟ ನಡೆಸುವವನು ಚೈತನ್ಯ. ಕತ್ತಿ ಹಿಡಿದ ಭೈರ ಎಂಬ ವೀರನಾಗಿ ಆಡುತ್ತಿದ್ದವನು ದಾವಣಗೆರೆಯ ಮಂಜುನಾಥ, ಯಾವುದೋ ಐಟಿ ಕಂಪನಿಯ ಕೆಲಸದ ಮೇಲೆ ಊರಿಗೆ ಬಂದವನು. ತುಂಬೆ ಎಂಬ ವೈದ್ಯೆಯಾಗಿ ಆಡುತ್ತಿದ್ದವಳು ಕೃಪಾ, ಮಂಡ್ಯದ ಹುಡುಗಿ, ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನರ್ಸ್. ಆಟದ ನಿಯಮಗಳ ಪುಸ್ತಕದ ಪ್ರಕಾರ ತುಂಬೆಯ ಬಳಿ ಹತ್ತು ಜನರಿಗೆ ಸಾಕಾಗುವಷ್ಟು ಅನ್ನವನ್ನು ಬರಿಗೈಯಿಂದ ಸೃಷ್ಟಿಸುವ ಮಂತ್ರವಿತ್ತು. ಆ ಅನ್ನವನ್ನು ಕೋಟೆಯ ಕಾವಲುಗಾರರ ತಲೆಯ ಮೇಲೆ ಮೇಲಿನಿಂದ ಸುರಿಸಬಹುದೇ ಎಂಬುದು ಜಗಳ.

"ಎಲ್ಲಿ ಸೃಷ್ಟಿ ಆಗ್ಬೇಕು ಅಂತ ಬರೆದಿಲ್ವಲ್ಲ ಕಣ್ರಿ! ಬರೆದಿಲ್ಲ ಅಂದ್ಮೇಲೆ ಎಲ್ಲಿ ಬೇಕಾದ್ರೂ ಆಗ್ಬೋದು," ಎಂದು ಮಂಜು ಮೇಜು ಕುಟ್ಟುತ್ತಿದ್ದ.

"ಅನ್ನ ದಬದಬ ಅಂತ ಸುರಿಯೋದಾ? ಪಾಪ ಬತ್ತದೆ ಬುಡು," ಎಂದಳು ಕೃಪಾ.

"ಬರೇ ಅನ್ನ ಬರ್ತದಂತೇನು? ಸಾರು?" ಎಂದು ಅಡುಗೆಮನೆಯಿಂದ ಸರೋಜಮ್ಮ.

ನಾನು ಇಪ್ಪತ್ತು ವರ್ಷ ಬ್ಯಾಂಕಿನ ಸುತ್ತೋಲೆಗಳನ್ನು ಓದಿ ಅರ್ಥ ಹೇಳಿಯೇ ಬದುಕಿದವಳು. ಸುತ್ತೋಲೆ ಬರೆಯುವವರು ಒಂದು ಊರಲ್ಲಿ, ಪಾಲಿಸುವವರು ಇನ್ನೊಂದು ಊರಲ್ಲಿ. ನಡುವೆ ಬಿಟ್ಟುಹೋದದ್ದನ್ನು ತುಂಬುವುದು ನನ್ನಂಥವರ ಕೆಲಸ. ಕೈ ತಡೆಯಲಿಲ್ಲ. "ಇಲ್ಲಿ ಕೊಡ್ರಿ ಆ ಪುಸ್ತಕ," ಎಂದು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಆ ಮಂತ್ರವನ್ನಷ್ಟೇ ಅಲ್ಲ, ಅಧ್ಯಾಯದ ಮೊದಲಿಂದ ಓದಿದೆ. ಸೃಷ್ಟಿಸಿದ ವಸ್ತುವೆಲ್ಲ ಮಂತ್ರ ಹಾಕಿದವರ ಎದುರು ನೆಲದ ಮೇಲೆ ಬರಬೇಕೆಂದು ಮೂರು ಪುಟ ಹಿಂದೆಯೇ ಬರೆದಿತ್ತು. "ಅನ್ನ ನೆಲದ ಮ್ಯಾಲೆ ಬರತೈತಿ. ಮುಂದಿನ ಮಾತು ಊಟ ಆದ ಮ್ಯಾಲೆ," ಎಂದೆ.

ಚೈತನ್ಯ ಎದ್ದು ನಿಂತು ಕೈ ಮುಗಿದ. "ಅಕ್ಕಾ, ಈ ಪುಸ್ತಕ ಪೂರ್ತಿ ಓದಿದ ಮೊದಲ ಮನುಷಿ ಮೀರೇ. ನೆಕ್ಸ್ಟ್ ವಾರಂ ರಾವಾಲಿ, ಬರ್ಲೇಬೇಕು."

ಹೋದೆ. ಆ ವರ್ಷವಿಡೀ ಹೋದೆ. ನನಗೂ ಒಂದು ಪಾತ್ರ ಸಿಕ್ಕಿತು: ನೀಲವ್ವ ಎಂಬ ಮುದಿ ಮಂತ್ರವಾದಿನಿ, ಬೆಂಕಿ ಮತ್ತು ಹಿಮದ ಒಡತಿ. ಇಪ್ಪತ್ತು ಮುಖದ ದಾಳ ಉರುಳಿಸಿ ಗೆದ್ದಾಗ ನಾನು ಚಪ್ಪಾಳೆ ತಟ್ಟಿ ಕುಣಿದದ್ದನ್ನು ನನ್ನ ಮಗಳು ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಹೊರಗೆ ಬೀದಿಯಲ್ಲಿ ನಾಯಿಯೂ ಓಡಾಡದ ಬಿಸಿಲು. ಒಳಗೆ ಕೂಲರಿನ ಗೊರಗೊರ, ಸರೋಜಮ್ಮನ ಮಜ್ಜಿಗೆ, ನಮ್ಮ ಕಾಡು, ನಮ್ಮ ಕೋಟೆ. ವಾರದಲ್ಲಿ ಆರು ದಿನ ನನ್ನನ್ನು ಮೇಡಂ ಎನ್ನುತ್ತಿದ್ದ ಊರಿನಲ್ಲಿ ಒಂದು ದಿನ ಮೂರು ತಾಸು ನಾನು ಬೇರೆ ಯಾರೋ ಆಗಿರುತ್ತಿದ್ದೆ.

ನಿಯಮದ ತಕರಾರು ಬಂದರೆ ತೀರ್ಪು ನನ್ನದು ಎಂದು ತಾನಾಗಿಯೇ ಆಯಿತು. ಅದಕ್ಕೊಂದು ಉದ್ದ ರಿಜಿಸ್ಟರ್ ತಂದೆ. ಬ್ಯಾಂಕಿನ ಚಾಳಿ ಎಲ್ಲಿ ಹೋಗುತ್ತದೆ? ಪ್ರಶ್ನೆ, ತೀರ್ಪು, ಕಾರಣ, ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದೆ. ತಪಾಸಣೆಯವರ ಷರಾದ ಕೆಳಗೆ ಶಾಖೆಯವರು ಸಹಿ ಹಾಕುವ ಹಾಗೆ, ತೀರ್ಪು ಯಾರ ವಿರುದ್ಧ ಹೋಯಿತೋ ಅವರೇ ಕೆಳಗೆ ಸಹಿ ಹಾಕಬೇಕು ಎಂದು ನಾನೇ ಪದ್ಧತಿ ಮಾಡಿದ್ದೆ. ಸಹಿ ಬಿದ್ದ ಮೇಲೆ ಮುನಿಸು ಇಲ್ಲ, ಮರುಪರಿಶೀಲನೆ ಇಲ್ಲ. ಕೃಪಾ ಸಹಿಯ ಪಕ್ಕದಲ್ಲಿ ಗಂಟೆಯನ್ನೂ ಬರೆಯುತ್ತಿದ್ದಳು, ರೋಗಿಯ ಚಾರ್ಟಿನಲ್ಲಿ ಬರೆಯುವ ಹಾಗೆ. ಮಂಜು ಎಷ್ಟು ಸೋತರೂ ಸಹಿ ಹಾಕುವ ಮುಂಚೆ ಅರ್ಧ ಗಂಟೆ ವಾದ ಮಾಡದೆ ಬಿಡುತ್ತಿರಲಿಲ್ಲ.

ಜೂನ್ ಕೊನೆಗೆ ಮಳೆ ಬಂತು. ಕೃಷ್ಣೆ ತುಂಬತೊಡಗಿದಳು. ಸಂಜೆ ಬಸ್ಸಿನಲ್ಲಿ ನದಿಗೆ ಕಟ್ಟಿದ ಬ್ಯಾರೇಜಿನವರೆಗೆ ಹೋಗಿ ನಿಲ್ಲುತ್ತಿದ್ದೆ. ನಮ್ಮ ಮಲಪ್ರಭೆಯ ನೀರೂ ಇದರೊಳಗೆ ಎಲ್ಲೋ ಇದೆ ಎಂದು ಲೆಕ್ಕ ಹಾಕಿ, ಕಣ್ಣಲ್ಲಿ ನೀರು ತಂದುಕೊಂಡು, ಯಾರಾದರೂ ನೋಡಿಯಾರೆಂದು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಕೃಪಾ ಜೊತೆಗಿರುತ್ತಿದ್ದಳು. ಅವಳಿಗೆ ಇಪ್ಪತ್ತಾರು. ಹಗಲೆಲ್ಲ ಸಾಯುವವರ ನಡುವೆ ಓಡಾಡಿ ಬಂದವಳು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಭಾನುವಾರ ಮಂಜು ಗೇಟು ತೆರೆದ ಸದ್ದಾದರೆ ಅವಳ ಮುಖ ಹೇಗಾಗುತ್ತಿತ್ತು ಎಂಬುದು ಸರೋಜಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂಜುವಿಗೆ ಗೊತ್ತಿಲ್ಲವೆಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಆಗಸ್ಟಿನಲ್ಲಿ ಮಂಜು ಒಂದು ಸುದ್ದಿ ತಂದ. ಕಂಪನಿಯವರು ಅವನನ್ನು ವಿಶಾಖಪಟ್ಟಣದ ಕಚೇರಿಗೆ ಹಾಕಿದ್ದರು, ಇಲ್ಲಿ ಅವನು ಇನ್ನೆರಡು ವಾರ ಮಾತ್ರ. ಮೊದಲು ಮಾತಾಡಿದವನು ಚೈತನ್ಯ. "ವೈಜಾಗ್ ಎಂತ ದೂರ? ಟ್ರೈನ್‌ಲೋ ಆರು ಗಂಟೆ. ಭೈರ ಬದುಕಿರೋ ತನಕ ನೀನು ಎರಡು ವಾರಕ್ಕೊಂದ್ಸಲ ಬರ್ಲೇಬೇಕು, ಬ್ರೋ. ಅವನನ್ನ ಕಾಡಲ್ಲಿ ಒಬ್ಬನೇ ಬಿಡ್ತೀಯಾ?" ಮಂಜು ನಕ್ಕು, "ಭೈರ ಇರೋವರೆಗೂ ಬರ್ತೀನಿ," ಎಂದ. ಸರೋಜಮ್ಮ ಅವನ ತಟ್ಟೆಯನ್ನು ಮೇಜಿನಿಂದ ತೆಗೆಯುವುದಿಲ್ಲ ಎಂದು ಸಾರಿದರು. ಹೀಗೆ ಒಂದು ಬಂದೋಬಸ್ತು ಆಯಿತು.

ಮರುದಿನ ಸಂಜೆ ಕೃಪಾ ಮಹಡಿಗೆ ಬಂದಳು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ, ಅವಳು ಮಡಿಸಿ ಕೊಡುತ್ತಿದ್ದಳು.

"ಮುಂದಿನ ಮೂರು ತಿಂಗ್ಳು ಭಾನುವಾರದ ಡ್ಯೂಟಿನೆಲ್ಲ ಬದ್ಲಿ ಮಾಡ್ಕೊಂಡೆ ಕಣಕ್ಕ. ಔನು ಬತ್ತಾನೆ ಅಲ್ವಾ?"

"ಬರತಾನ ಬಿಡವಾ."

"ಭೈರ ಇರೋಗಂಟ ಬರ್ಲೇಬೇಕಲ್ವಾ. ಹೇಳವ್ನೆ." ಒಂದು ಸೀರೆಯ ಮಡಿಕೆಯನ್ನು ಎರಡು ಸಲ ಬಿಚ್ಚಿ ಮಡಿಸಿದಳು. "ಅಷ್ಟು ದಿನ ಸಿಕ್ರೆ ಹೇಳ್ಬುಡ್ತೀನಿ. ಈಗ ಬಾಯಿ ಬತ್ತಿಲ್ಲ."

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಮಂಜುವಿನ ಕೊನೆಯ ಭಾನುವಾರ ಜಡಿಮಳೆ. ಚೈತನ್ಯ ಆ ದಿನಕ್ಕೆಂದು ಹೊಸ ನಕ್ಷೆ ಬರೆದಿದ್ದ, ನಡುವೆ ಒಂದು ದೊಡ್ಡ ಹೊಳೆ. ಶತ್ರುಗಳು ಬೆನ್ನು ಹತ್ತಿದ್ದರು. ದೋಣಿ ಒಂದೇ. ಭೈರ ದಡದಲ್ಲಿ ನಿಂತು ಅವರನ್ನು ತಡೆಯುತ್ತೇನೆಂದ. ನೀಲವ್ವ, ತುಂಬೆ ದಾಟಿದೆವು. ಆಚೆ ದಡ ಸೇರುವ ಹೊತ್ತಿಗೆ ಮಂಜುವಿನ ದಾಳ ಒಂದರ ಮೇಲೆ ಒಂದು ಕೆಟ್ಟದಾಗಿ ಬಿತ್ತು. ಭೈರ ಬಿದ್ದ. ಚೈತನ್ಯನ ಮುಖ ನೋಡಬೇಕಾಗಿತ್ತು. ಹೀಗಾಗುತ್ತದೆಂದು ಅವನೂ ಅಂದುಕೊಂಡಿರಲಿಲ್ಲ, ದಾಳದ ಮೇಲೆ ಅವನ ಕೈಯೂ ನಡೆಯುವುದಿಲ್ಲ.

"ನಾನು ಕೂಗ್ತೀನಿ," ಎಂದಳು ಕೃಪಾ.

ತುಂಬೆಯ ಬಳಿ ಜೀವ ಮರಳಿಸುವ ಒಂದೇ ಒಂದು ಮಂತ್ರವಿತ್ತು. ಪುಸ್ತಕದಲ್ಲಿ ಅದಕ್ಕೆ ಮೂರೇ ಸಾಲು. ಕಾಳಗ ಮುಗಿಯುವ ಮೊದಲು ವೈದ್ಯೆ ಬಿದ್ದವನ ಹೆಸರನ್ನು ಮೂರು ಸಲ ಕೂಗಬೇಕು. ಅವನು ಓಗೊಟ್ಟರೆ ಏಳುತ್ತಾನೆ. ಓಗೊಡುವುದೂ ಬಿಡುವುದೂ ಆ ಪಾತ್ರ ಆಡುವವನ ಇಷ್ಟ. ಎಷ್ಟು ದೂರದಿಂದ ಕೂಗಬಹುದು ಎಂಬ ಬಗ್ಗೆ ಒಂದಕ್ಷರವಿಲ್ಲ. ಗುಣಪಡಿಸುವ ಉಳಿದ ಎಲ್ಲಾ ಮಂತ್ರಗಳಲ್ಲಿ ಗಾಯಗೊಂಡವನನ್ನು ಮುಟ್ಟಿರಬೇಕು ಎಂದಿತ್ತು. ಇದರಲ್ಲಿ ಅದೂ ಇಲ್ಲ.

"ಅಕ್ಕಾ, ದೂರದ ಬಗ್ಗೆ ಏಮೀ ಲೇದು. ಮೀರೇ ಚೆಪ್ಪಂಡಿ," ನೀವೇ ಹೇಳಿ ಎಂದು ಚೈತನ್ಯ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಅವನ ಕಣ್ಣು ಬೇಡುತ್ತಿತ್ತು. ಹೂಂ ಎಂದುಬಿಡಿ ಅಕ್ಕಾ ಎಂದೇ ಬೇಡುತ್ತಿತ್ತು.

ಹಿಂದಿನ ತಿಂಗಳು ಒಂದು ತೀರ್ಪು ಕೃಪಾಳ ಪರವಾಗಿ ಹೋಗಿತ್ತು. ಆಗ ಮಂಜು, "ಕೃಪಾ ಕೇಸು ಬಂದ್ರೆ ಶೈಲಕ್ಕ ಕನ್ನಡಕ ತೆಗೆದಿಟ್ಟು ಓದ್ತಾರೆ," ಎಂದು ನನ್ನನ್ನು ಕಿಚಾಯಿಸಿದ್ದ. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಆದರೆ ಮಾತು ಒಳಗೆ ಮುಳ್ಳಿನಂತೆ ಕೂತಿತ್ತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನನ್ನು ಯಾರೂ ಪಕ್ಷಪಾತಿ ಎಂದಿರಲಿಲ್ಲ. ಈಗ ಒಳ್ಳೆಯ ಸಂದರ್ಭ ಬಂದಿತ್ತು, ನನ್ನ ನೇರಾನೇರತನ ತೋರಿಸಲಿಕ್ಕೆ. ನನ್ನ ಹುಚ್ಚಾಟಕ್ಕೆ ಏನೆನ್ನಬೇಕು!

ಕನ್ನಡಕ ಹಾಕಿಕೊಂಡೇ ಓದಿದೆ. ಎರಡು ಸಲ ಓದಿದೆ. ಆಮೇಲೆ ಹೇಳಿದೆ: "ಹೊಸಾ ಸುತ್ತೋಲಿ ಒಂದು ವಿಷಯದಾಗ ಸುಮ್ಮನಿದ್ರ ಹಳೇದ ನಡೀತೈತಿ. ಉಳಿದ ಎಲ್ಲಾ ಮಂತ್ರಕ್ಕೂ ಮುಟ್ಟಬೇಕು ಅಂದ್ರ ಇದಕ್ಕೂ ಮುಟ್ಟಬೇಕು. ಹೊಳಿ ಆಚೆಯಿಂದ ಕೂಗಾಕ ಬರೂದಿಲ್ಲ."

"ಕೂಗೋದು ಅಂತ ಬರೆದವ್ರೆ ಅಕ್ಕ," ಎಂದಳು ಕೃಪಾ, ಬಹಳ ಮೆಲ್ಲಗೆ. "ಪಕ್ಕದಲ್ಲೇ ಕೂತು ಕೈ ಹಿಡ್ಕೊಂಡಿದ್ರೆ ಯಾಕೆ ಕೂಗ್ಬೇಕು? ಪಿಸುಗುಟ್ಟಿದ್ರೆ ಸಾಕಲ್ವಾ?"

ಎಂಥ ಒಳ್ಳೆಯ ವಾದ ಅದು! ಇವತ್ತು ಯಾವ ಮೇಲ್ಮನವಿಯಲ್ಲೂ ಅದೇ ಗೆಲ್ಲುತ್ತದೆ. ಆದರೆ ನನ್ನ ಬಾಯಿಂದ ತೀರ್ಪು ಹೊರಬಿದ್ದಿತ್ತು, ಹೊರಬಿದ್ದದ್ದನ್ನು ಹಿಂದೆ ತೆಗೆದುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ರಿಜಿಸ್ಟರಿನಲ್ಲಿ ಬರೆದು ಪುಸ್ತಕ ಮುಚ್ಚಿದೆ. ಅನ್ನದ ಮಂತ್ರಕ್ಕಾಗಿ ಮೇಜು ಕುಟ್ಟಿದ್ದ ಮಂಜು, ತನ್ನ ಭೈರನ ಪ್ರಾಣಕ್ಕಾಗಿ ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ದಾಳ ನೋಡುತ್ತ ಕೂತಿದ್ದ. ಬೇಸರಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡೆ. ಕೃಪಾ ರಿಜಿಸ್ಟರ್ ಎಳೆದುಕೊಂಡು ಸಹಿ ಹಾಕಿದಳು, ಗೋಡೆ ಗಡಿಯಾರ ನೋಡಿ ಗಂಟೆ ಬರೆದಳು, ಐದು ನಲವತ್ತು. ಸರೋಜಮ್ಮ ಬಜ್ಜಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ.

ಮಂಜು ಹೋದ. ಹೊಸ ಪಾತ್ರ ಮಾಡಿಕೊಡುತ್ತೇನೆಂದು ಚೈತನ್ಯ ಫೋನು ಮಾಡಿದ. "ನೋಡೋಣ ಬ್ರೋ," ಎಂದನಂತೆ. ದಸರೆಗೆ ದುರ್ಗಮ್ಮನ ಬೆಟ್ಟಕ್ಕೆ ಜನ ಸೇರಿ ಊರೆಲ್ಲ ತುಂಬಿದಾಗ ಬಂದಾನೆಂದು ಕಾದೆವು. ಬರಲಿಲ್ಲ. ಕೃಪಾ ಎರಡು ಭಾನುವಾರ ಬಂದಳು. ತುಂಬೆ ಆ ಎರಡೂ ದಿನ ಯಾವ ಮಂತ್ರವನ್ನೂ ಹಾಕಲಿಲ್ಲ. ಆಮೇಲೆ ಬದಲಿ ಮಾಡಿಕೊಂಡಿದ್ದ ಡ್ಯೂಟಿಯನ್ನೆಲ್ಲ ವಾಪಸು ತೆಗೆದುಕೊಂಡಳು. ಸಂಕ್ರಾಂತಿಗೆ ಮುಂಚೆ ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೊರಟುಹೋದಳು. ನಾನೂ ಚೈತನ್ಯನೂ ಇಬ್ಬರೇ ಕೆಲವು ವಾರ ನಕ್ಷೆ ಹಾಸಿ ಕೂತೆವು. ಆದರೆ ಜಗಳವಾಡುವವರಿಲ್ಲದ ಮೇಲೆ ತೀರ್ಪು ಯಾರಿಗೆ ಬೇಕು? ಮರು ಜೂನಿನಲ್ಲಿ ನನಗೆ ವರ್ಗವಾಯಿತು.

ಇಷ್ಟು ವರ್ಷಗಳಲ್ಲಿ ಕೃಪಾ ತಿಂಗಳಿಗೊಮ್ಮೆ ಫೋನು ಮಾಡುವುದನ್ನು ತಪ್ಪಿಸಿಲ್ಲ. ನನ್ನ ಮಗಳ ಓದು, ಅವಳ ತಾಯಿಯ ಮಂಡಿನೋವು, ಎಲ್ಲ ಮಾತಾಡುತ್ತೇವೆ. ಮದುವೆಯ ಮಾತೆತ್ತಿದರೆ, "ಬುಡಿ ಅಕ್ಕ," ಎಂದು ಬೇರೆ ಕಡೆ ಹೊರಳಿಸುತ್ತಾಳೆ. ಆ ಭಾನುವಾರದ ವಿಷಯ ಅವಳು ಒಮ್ಮೆಯೂ ತೆಗೆದಿಲ್ಲ. ನಾನು ಮಾತ್ರ ಎಷ್ಟೋ ಸಲ ಒಳಗೊಳಗೇ ತಿದ್ದುಪಡಿ ಬರೆದುಕೊಂಡಿದ್ದೇನೆ. ತೀರ್ಪು ತಪ್ಪು, ಕ್ಷಮಿಸು, ಕೂಗಲು ಅಡ್ಡಿಯಿರಲಿಲ್ಲ ಎಂದು. ಹೇಳುವ ಧೈರ್ಯ ಬರಲಿಲ್ಲ. ಆ ಮೇಜಿನ ಹಂಬಲ ಬಂದಾಗಲೆಲ್ಲ ಈ ನೋವೂ ಕೂಡಿಯೇ ಬರುತ್ತದೆ, ಬೇರೆ ಮಾಡಲಾಗುವುದಿಲ್ಲ.

ಆ ಮೆಟ್ಟಿಲ ಮೇಲೆ ಘಾಟು ಹೊಡೆದ ದಿನವೇ ಚೈತನ್ಯನಿಗೆ ಫೋನು ಮಾಡಿ ಮಂಜುವಿನ ನಂಬರು ತೆಗೆದುಕೊಂಡೆ. ಅವನು ಇನ್ನೂ ವಿಶಾಖಪಟ್ಟಣದಲ್ಲೇ ಇದ್ದ. ಮೂರನೆಯ ದಿನ ಸಂಜೆ ಬೀಚ್ ರೋಡಿನಲ್ಲಿ ಸಿಕ್ಕಿದ. ಹೊಟ್ಟೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು, ಜೊತೆಗೆ ನಾಲ್ಕು ವರ್ಷದ ಮಗಳಿದ್ದಳು. ಆ ಮಗು ಮರಳಲ್ಲಿ ಆಡುತ್ತ ಅಪ್ಪನನ್ನು ತೆಲುಗಿನಲ್ಲಿ ಕೂಗುತ್ತಿತ್ತು.

ನಾನೇ ಮೊದಲು ಹೇಳಿದೆ. "ಮಂಜು, ಅವತ್ತು ನನ್ನ ತೀರ್ಪು ತಪ್ಪಿತ್ತಪಾ. ನನ್ನ ಸೊಕ್ಕಿಗೆ ಭೈರ ಸತ್ತ. ನೀ ಬರೂದು ನಿಂತದ್ದು ನನ್ನಿಂದನ."

ಅವನು ಸಮುದ್ರದ ಕಡೆ ತಿರುಗಿದ. "ಇಲ್ಲ ಅಕ್ಕ. ನೀವು ಕೂಗು ಅಂದಿದ್ರೂ ಭೈರ ಏಳ್ತಿರಲಿಲ್ಲ. ಅದರ ಹಿಂದಿನ ವಾರ ಊರಿಗೆ ಹೋದಾಗ ಹುಡುಗಿ ನೋಡಿ ಒಪ್ಕೊಂಡು ಬಂದಿದ್ದೆ. ಕೃಪಾ ಮನಸ್ಸು ನನಗೆ ಗೊತ್ತಿತ್ತು. ಅವಳು ಮೂರು ಸಲ ಕರೆದು, ನಾನು ಎಲ್ಲರ ಎದುರಿಗೆ ಬಾಯಿ ಮುಚ್ಕೊಂಡು ಕೂರ್ಬೇಕಾಗಿತ್ತು. ನೀವು ಪುಸ್ತಕ ಮುಚ್ಚಿದಾಗ ಬದುಕಿದೆ ಅನ್ನಿಸ್ತು."

ಮೊದಲು ಕೋಪ ಬಂತು. ಅವನ ಹೇಡಿತನವನ್ನು ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದೆ. ಆಮೇಲೆ, ನಾಚಿಕೆಯಿಂದಲೇ ಹೇಳುತ್ತೇನೆ, ಹಗುರವಾಯಿತು. ಹಾಗಾದರೆ ನನ್ನ ತೀರ್ಪು ಕೃಪಾಳನ್ನು ಅವಮಾನದಿಂದ ಕಾಪಾಡಿತ್ತು! ಮಗುವಿನ ಕೈಗೆ ಒಂದು ಚಾಕೊಲೇಟು ಕೊಟ್ಟು, ಆಟೊ ಹಿಡಿದು ವಾಪಸು ಬಂದೆ.

ಮರುದಿನ ಸಂಜೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಿದ್ದಾಗ ಕೃಪಾಳ ಫೋನು ಬಂತು. ನಾನು ವಿಶಾಖಪಟ್ಟಣಕ್ಕೆ ಹೋಗುವುದು ಅವಳಿಗೆ ಗೊತ್ತಿತ್ತು. ಅದೂ ಇದೂ ಮಾತಾಡಿ, ತಟ್ಟನೆ ಕೇಳಿದಳು.

"ಔನು ಸಿಕ್ಕಿದ್ನಾ ಅಕ್ಕ?"

"ಸಿಕ್ಕಿದ್ದ."

"ಅವತ್ತು ನಾನು ಕೂಗಿದ್ರೆ ಎದ್ದಿರ್ತಿದ್ನಂತಾ? ಏನಾರ ಅಂದ್ನಾ?"

ಇಷ್ಟು ವರ್ಷದ ಮೇಲೆ ಮೊದಲ ಸಲ ಕೇಳಿದ್ದಳು. ಬರೆದಿಟ್ಟುಕೊಂಡ ತಿದ್ದುಪಡಿ ನಾಲಿಗೆಯ ತುದಿಯಲ್ಲಿತ್ತು. ತೀರ್ಪು ತಪ್ಪಿತ್ತೆಂದು ಒಪ್ಪಿಕೊಂಡರೆ ಅವನು ಏನೆಂದ ಎನ್ನುವುದನ್ನೂ ಹೇಳಬೇಕು. ಹಳೆಯ ತೀರ್ಪಿಗೇ ಅಂಟಿಕೊಂಡೆ.

"ಹೊಳಿ ಭಾಳ ಅಗಲ ಇತ್ತವಾ," ಎಂದೆ. "ನಿನ್ನ ದನಿ ಅವಗ ಮುಟ್ಟತಿದ್ದಿಲ್ಲ."

ಪ್ಲಾಟ್‌ಫಾರ್ಮಿನಲ್ಲಿ ಯಾವುದೋ ರೈಲಿನ ಪ್ರಕಟಣೆ ಮೂರು ಭಾಷೆಯಲ್ಲಿ ಬಂದು ಮುಗಿಯಿತು. ಫೋನು ಕಟ್ಟಾಯಿತೇನೋ ಎಂದು ನೋಡಿದೆ.

"ಔನು ಏಳ್ತಿರ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣಕ್ಕ," ಎಂದಳು ಕೃಪಾ. "ಮುಖ ನೋಡಿದ್ರೆ ಗೊತ್ತಾಗಲ್ವಾ? ದಿನಾ ಆಸ್ಪತ್ರೇಲಿ ನೋಡೋದು ಅದೇ ಅಲ್ವಾ ನಾನು. ಏಳ್ದೇ ಇದ್ರೂ ಪರವಾಗಿರ್ಲಿಲ್ಲ. ಒಂದ್ಸಲ ಕೂಗೋಕಾದ್ರೂ ಬುಡ್ಬೇಕಿತ್ತು ನೀವು."

"ಹೌದವಾ," ಎಂದೆ. "ಬಿಡಬೇಕಿತ್ತು."